ನಾನು ಓದದೆ ಬಿಟ್ಟ ವಾಕ್ಯ

ಇದನ್ನು ಹೇಳಲು ನಾನು ಬಹಳ ವರ್ಷ ತಡಮಾಡಿದ್ದೇನೆ. ಮೊದಮೊದಲು, ಯಾರೂ ಕೇಳಲಿಲ್ಲವಲ್ಲ ಎಂದುಕೊಂಡೆ. ಆಮೇಲೆ, ಹಳೆಯದನ್ನು ಕೆದಕಿ ಯಾರಿಗೇನು ಉಪಯೋಗ ಎಂದುಕೊಂಡೆ. ಕೊರೋನಾ ಕಾಲದಲ್ಲಿ ಟಿವಿಯಲ್ಲಿ ನಾಲ್ಕು ಜನ ಕೂತು ಸರ್ಕಾರ ಮಾಡಿದ್ದು ಸರಿಯೋ ತಪ್ಪೋ ಎಂದು ಕೂಗಾಡುವುದನ್ನು ನೋಡಲಾಗದೆ ಎದ್ದು ಒಳಗೆ ಹೋಗುತ್ತಿದ್ದೆ. ಆಗಲೇ ಬರೆಯಬೇಕಿತ್ತು. ಕಣ್ಣಿನ ಆಪರೇಷನ್ ಆಗಲಿ ಎಂದು ಮುಂದಕ್ಕೆ ಹಾಕಿದೆ. ಆಪರೇಷನ್ ಆಗಿ ಎರಡು ವರ್ಷ ಕಳೆಯಿತು. ಈಗ ಸಣ್ಣ ಅಕ್ಷರವೂ ಚೆನ್ನಾಗಿ ಕಾಣುತ್ತದೆ. ಇನ್ನು ಹೇಳಲು ನೆಪವಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದು ನಿವೃತ್ತನಾದೆ. ಮನೆ ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗೆ. ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಮಾತು ನನಗೆ ಚೆನ್ನಾಗಿ ಬರುತ್ತಿತ್ತು. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನ ಯಾವಾಗಲೂ ನನಗೇ. ಕಾರ್ಖಾನೆಯಲ್ಲಿ ರಾಜ್ಯೋತ್ಸವದ ಭಾಷಣವೂ ನನ್ನದೇ. ಬೇರೆ ಯಾವುದರಲ್ಲೂ ನಾನು ಮೊದಲಿಗನಾದವನಲ್ಲ. ಆದ್ದರಿಂದ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಮ್ಮ ಮನೆಯ ಎದುರಿಗೆ ಒಂದು ಟೈಲರ್ ಅಂಗಡಿ ಇತ್ತು. ಅಂಗಡಿಯ ಮೇಲೆ ಶೀಟಿನ ಒಂದು ಕೋಣೆ. ಬಾಗಲಕೋಟೆ ಕಡೆಯಿಂದ ಬಂದ ಗಂಡ ಹೆಂಡತಿ ಅಲ್ಲಿದ್ದರು. ಅವನು ಕೆಳಗೆ ಬಟ್ಟೆ ಹೊಲಿಯುತ್ತಿದ್ದ. ಅವಳು ಪಕ್ಕದ ರಸ್ತೆಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅವನಿಗೆ ಮೂವತ್ತು ಇರಬಹುದು, ಅವಳಿಗೆ ಇನ್ನೂ ಕಡಿಮೆ. ನನ್ನನ್ನು ಅವನು ಸರ ಎನ್ನುತ್ತಿದ್ದ, ಅವಳು ಚಿಕ್ಕಪ್ಪ ಎಂಬ ಅರ್ಥದಲ್ಲಿ ಕಾಕಾ ಎನ್ನುತ್ತಿದ್ದಳು, ನನ್ನ ಹೆಂಡತಿಯನ್ನು ಕಾಕು ಎನ್ನುತ್ತಿದ್ದಳು. ನಮಗೆ ಮಕ್ಕಳಿಲ್ಲ. ಆ ಕಾಕಾ ಎಂಬ ಮಾತು ನನ್ನ ಹೆಂಡತಿಗೆ ಬಹಳ ಹಿಡಿಸಿತ್ತು.

ನಿವೃತ್ತನಾದ ಮೇಲೆ ಬೆಳಿಗ್ಗೆ ಕಾಫಿ ಆದ ಕೂಡಲೇ ಪೇಪರ್ ಹಿಡಿದುಕೊಂಡು ಆ ಅಂಗಡಿಯ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸವಾಯಿತು. ಅವನಿಗೆ ಅಕ್ಷರ ಕೂಡಿಸಿ ಓದುವುದು ಕಷ್ಟ. ಗುಂಡಿ ಹಾಕುತ್ತಲೋ ಪ್ಯಾಂಟಿನ ಅಂಚು ಮಡಿಸುತ್ತಲೋ ಕೇಳುತ್ತಿದ್ದ. ಓದುವಾಗ ನಾನು ಚಂದದ್ದನ್ನು ಎತ್ತಿ ಓದಿ, ಸಪ್ಪೆಯೆನಿಸಿದ್ದನ್ನು ದಾಟಿಸುತ್ತಿದ್ದೆ. ನಡುವೆ ಸರ್ಕಾರವನ್ನು ಚೆನ್ನಾಗಿ ಬೈಯುತ್ತಿದ್ದೆ. ಯಾವ ಪಕ್ಷದ ಸರ್ಕಾರವಾದರೂ ಸರಿ.

"ಸರ, ಇವತ್ತ ಸರ್ಕಾರ ಏನ್ ತಪ್ಪ ಮಾಡೇತ್ರಿ?" ಎಂದು ನಾನು ಕೂರುವ ಮೊದಲೇ ಅವನು ಕೇಳುವನು.

"ಇನ್ನೂ ಮೊದಲನೇ ಪುಟ ಕಣಯ್ಯ, ಸ್ವಲ್ಪ ತಾಳು" ಎನ್ನುವೆ. ಅವನು ನಗುವನು.

ಎರಡು ಸಾವಿರದ ಒಂಬತ್ತರಲ್ಲಿ ಹಂದಿಜ್ವರ ಬಂತು. ಇಡೀ ಲೋಕಕ್ಕೇ ಬಂದ ಕಾಯಿಲೆ ಅದು. ಈಗಿನವರಿಗೆ ಮರೆತೇ ಹೋಗಿದೆ. ಆಗಸ್ಟ್ ಹೊತ್ತಿಗೆ ನಮ್ಮ ಬೀದಿಯಲ್ಲೂ ಜನ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಓಡಾಡತೊಡಗಿದರು. ಔಷಧಿ ಅಂಗಡಿಗಳಲ್ಲಿ ಮಾಸ್ಕ್ ಮುಗಿದುಹೋಯಿತು. ಶಾಲೆಗಳಿಗೆ ರಜ ಕೊಟ್ಟರು. ಬಸ್ಸಿನಲ್ಲಿ ಒಬ್ಬ ಕೆಮ್ಮಿದರೆ ಪಕ್ಕದವನು ಎದ್ದು ಬಾಗಿಲ ಹತ್ತಿರ ನಿಲ್ಲುವನು. ಕರ್ಪೂರ, ಏಲಕ್ಕಿ ಪುಡಿಮಾಡಿ ಬಟ್ಟೆಯಲ್ಲಿ ಕಟ್ಟಿ ಮೂಸುತ್ತಿದ್ದರೆ ಹತ್ತಿರ ಬರುವುದಿಲ್ಲ ಎಂದು ಯಾರೋ ಹಬ್ಬಿಸಿದರು. ಟೈಲರ್ ಉಳಿದ ಬಟ್ಟೆಯ ಚೂರುಗಳಲ್ಲಿ ಸಣ್ಣ ಸಣ್ಣ ಚೀಲ ಹೊಲಿದು ಬೀದಿಗೆಲ್ಲ ಹಂಚಿದ. ನಮ್ಮ ಮನೆಗೆ ತಂದುಕೊಟ್ಟದ್ದು ಅವನ ಹೆಂಡತಿ. ಆಗ ಅವಳಿಗೆ ಏಳು ತಿಂಗಳು ತುಂಬುತ್ತಿತ್ತು. ಚೊಚ್ಚಲು. ಗಣಪತಿ ಹಬ್ಬ ಮುಗಿದ ಮೇಲೆ ಊರಿಗೆ ಕರೆದುಕೊಂಡು ಹೋಗಿ ಕುಬಸ ಮಾಡುತ್ತಾರೆ ಎಂದು ನನ್ನ ಹೆಂಡತಿಗೆ ಹೇಳಿದಳು. ಅವರ ಕಡೆ ಸೀಮಂತಕ್ಕೆ ಕುಬಸ ಎನ್ನುತ್ತಾರೆ. ಹಸಿರು ಸೀರೆ ತೆಗೆದಿಟ್ಟಿದ್ದಳಂತೆ.

ಮೂರು ವಾರ ನಾನು ಆ ಬೆಂಚಿನಲ್ಲಿ ಕೂತು ಸರ್ಕಾರವನ್ನು ಜಾಲಾಡಿಸಿದೆ. ಪರೀಕ್ಷೆ ಮಾಡುವ ಜಾಗ ಇಷ್ಟು ದೊಡ್ಡ ಊರಿಗೆ ಬೆರಳೆಣಿಕೆ, ಮಾತ್ರೆ ಬೇಕೆಂದರೆ ಅವರು ಹೇಳಿದ ಆಸ್ಪತ್ರೆಗೇ ಹೋಗಬೇಕು, ಜ್ವರ ಇದ್ದವನು ಎರಡು ಬಸ್ ಬದಲಾಯಿಸಿ ಹೋಗಿ ಬಿಸಿಲಲ್ಲಿ ಸಾಲು ನಿಲ್ಲಬೇಕು, ಇದೇನು ಸರ್ಕಾರವೋ ಛತ್ರವೋ ಎಂದೆಲ್ಲ ಹೇಳಿದೆ. ಟೈಲರ್ ತಲೆಯಾಡಿಸಿದ.

ಗಣಪತಿ ಹಬ್ಬ ಬಂತು. ಬೀದಿಯ ಹುಡುಗರ ಸಮಿತಿಯವನೊಬ್ಬ ನಮ್ಮ ಮನೆಗೆ ಬಂದ.

"ಅಂಕಲ್, ಈ ಸಲ ಆರ್ಕೆಸ್ಟ್ರಾ ಕ್ಯಾನ್ಸಲ್. ಜನ ಸೇರಿಸ್ಬೇಡಿ ಅಂತ ಸ್ಟೇಷನ್‌ನಿಂದ ಹೇಳವ್ರೆ. ಅದಕ್ಕೆ ಚರ್ಚಾಸ್ಪರ್ಧೆ ಇಡೋಣ ಅಂತ. ನೀವು ಮಾತಾಡಿದ್ರೆ ಹೆಂಗೂ ಜಾಸ್ತಿ ಜನ ಬರಲ್ಲ."

"ನನ್ನನ್ನ ಕರೀತಾ ಇದೀಯೋ, ಬೈತಾ ಇದೀಯೋ?" ಎಂದೆ. ಆದರೆ ಒಳಗೆ ಹಿಗ್ಗಿದ್ದೆ.

ಹಂದಿಜ್ವರವನ್ನು ಎದುರಿಸುವಲ್ಲಿ ಸರ್ಕಾರ ಯಶಸ್ವಿಯಾಗಿದೆ ಎಂಬುದು ವಿಷಯ. ಯಾರು ಪರ, ಯಾರು ವಿರೋಧ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅವನವನ ನಂಬಿಕೆಗೂ ಅದಕ್ಕೂ ಸಂಬಂಧವಿಲ್ಲ. ಯಾವ ಪಕ್ಷ ಬಂದರೂ ಗೆಲ್ಲುವಂತೆ ಮಾತಾಡುವವನೇ ಒಳ್ಳೆಯ ಭಾಷಣಕಾರ ಎಂದು ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದರು. ಹಿಂದಿನ ದಿನ ಸಮಿತಿಯ ಹುಡುಗ ಚೀಟಿಯ ಡಬ್ಬಿ ಹಿಡಿದ. ನನಗೆ ಬಂದದ್ದು 'ಪರ'.

"ಅಯ್ಯೋ ಅಂಕಲ್, ಮೂರು ವಾರ ಬೈದಿದ್ದೆಲ್ಲ ವಾಪಸ್ ತಗೋಬೇಕಾಯ್ತಲ್ಲ!" ಎಂದು ಅವನು ನಕ್ಕ.

"ನಾಳೆ ನೋಡು" ಎಂದೆ.

ಮನೆಗೆ ಬಂದು ಹಳೆಯ ಪೇಪರುಗಳನ್ನು ಹುಡುಕಿದೆ. ಸರ್ಕಾರದ ಸೂಚನೆಯೊಂದು ಸಿಕ್ಕಿತು. ಅದರಲ್ಲಿ ಮುಖ್ಯವಾಗಿ ಎರಡು ವಾಕ್ಯ. ಸಾಮಾನ್ಯ ಜ್ವರ, ನೆಗಡಿ ಇದ್ದವರು ಗಾಬರಿಯಾಗಿ ಆಸ್ಪತ್ರೆಗೆ ನುಗ್ಗದೆ, ಬೇರೆಯವರಿಂದ ದೂರವಿದ್ದು ಮನೆಯಲ್ಲೇ ಒಂದೆರಡು ದಿನ ವಿಶ್ರಾಂತಿ ತೆಗೆದುಕೊಂಡು ನೋಡಬೇಕು ಎಂಬ ಅರ್ಥದ್ದು ಮೊದಲನೆಯದು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಉಬ್ಬಸ, ಸಕ್ಕರೆ ಕಾಯಿಲೆ ಇರುವವರು ಮಾತ್ರ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಬೇಕು ಎಂಬುದು ಎರಡನೆಯದು.

ನಾನು ಮೊದಲನೆಯದನ್ನು ಹಿಡಿದುಕೊಂಡು ಭಾಷಣ ಕಟ್ಟಿದೆ. ಜನ ಗಾಬರಿಯಾಗಿ ನುಗ್ಗುವುದೇ ದೊಡ್ಡ ಕಾಯಿಲೆ, ಸರ್ಕಾರ ಅದನ್ನು ತಡೆದಿದೆ, ಇದೇ ಅದರ ಯಶಸ್ಸು ಎಂದು. ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತ ಕೇಳುತ್ತಿದ್ದಳು. ಪೇಪರ್ ಅವಳ ಪಕ್ಕದಲ್ಲೇ ಇತ್ತು.

"ಇದರಲ್ಲಿ ಇನ್ನೊಂದಿದೆಯಲ್ರೀ, ಬಸುರಿ ಹೆಂಗಸರು ತಡ ಮಾಡ್ಬಾರ್ದು ಅಂತ. ಅದನ್ನ ಯಾಕೆ ಬಿಟ್ರಿ?"

"ನಾಲ್ಕೇ ನಿಮಿಷ ಕಣೇ. ಗಂಟೆ ಹೊಡೆದುಬಿಡ್ತಾರೆ."

ಅದು ಸುಳ್ಳು. ನನ್ನ ಭಾಷಣ ಮೂರು ನಿಮಿಷಕ್ಕೇ ಮುಗಿಯುತ್ತಿತ್ತು. ಎರಡನೆಯ ವಾಕ್ಯ ಓದಿದರೆ, ಬಸುರಿ ಹೆಂಗಸು ಅಷ್ಟು ದೂರ ಹೇಗೆ ಹೋಗಬೇಕು ಎಂದು ಎದುರು ಪಕ್ಷದವರು ಹಿಡಿದುಕೊಳ್ಳುತ್ತಾರೆ. ಆ ಹಿಡಿ ಅವರಿಗೆ ಸಿಗಬಾರದು ಎಂದು ಬಿಟ್ಟೆ.

ಮಾರನೆಯ ಸಂಜೆ ಪೆಂಡಾಲಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ನನ್ನ ಎದುರಾಳಿ ನಮ್ಮ ಬೀದಿಯ ಅಂಗನವಾಡಿ ಟೀಚರ್. ಅವರಿಗೆ ಮೈಕಿನ ಅಭ್ಯಾಸವಿರಲಿಲ್ಲ. ತಡವರಿಸುತ್ತ, ಕೈಯಲ್ಲಿದ್ದ ಕಾಗದ ನೋಡುತ್ತ, ಬೀದಿಯಲ್ಲಿ ತಾವು ಕಂಡದ್ದನ್ನು ಹೇಳಿದರು. ಜ್ವರ ಬಂದವರು ಹೊರಗೆ ಗೊತ್ತಾದರೆ ದೂರ ಮಾಡುತ್ತಾರೆಂದು ಮುಚ್ಚಿಡುತ್ತಿದ್ದಾರೆ, ಎಲ್ಲಿಗೆ ಹೋಗಬೇಕೆಂದು ಯಾರಿಗೂ ತಿಳಿದಿಲ್ಲ, ಮನೆಮನೆಗೆ ಹೋಗಿ ಹೇಳುವವರು ಬೇಕು ಎಂದರು. "ಅದರಲ್ಲೂ ಬಸುರಿ ಹೆಣ್ಣುಮಕ್ಕಳಿಗೆ..." ಎಂದು ಶುರುಮಾಡುವಾಗ ಗಂಟೆ ಹೊಡೆಯಿತು. ಹುಡುಗರು ಹೋ ಎಂದರು. ಅವರು ಕಾಗದ ಮಡಚಿಕೊಂಡು ಕೂತರು.

ನಾನು ಎದ್ದೆ.

"ಮೇಡಂ ಹೇಳಿದ ಹಾಗೆ ಸೀನಿದವರನ್ನೆಲ್ಲ ಆಸ್ಪತ್ರೆಗೆ ಕಳಿಸ್ತಾ ಹೋದರೆ, ನಾಳೆ ಈ ಪೆಂಡಾಲಿನಲ್ಲಿ ಗಣಪತಿ ಒಬ್ಬನೇ ಉಳೀತಾನೆ. ಅವನಿಗೆ ನೆಗಡಿ ಬಂದರಂತೂ ಮಾಸ್ಕ್ ಹೊಲಿಯೋಕೆ ನಮ್ಮ ಟೈಲರಿಗೆ ಒಂದು ತಾನು ಬಟ್ಟೆ ಬೇಕು!"

ಪೆಂಡಾಲ್ ನಕ್ಕಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಟೈಲರನೂ ನಕ್ಕ. ಆಮೇಲೆ ನಾನು ದನಿ ತಗ್ಗಿಸಿ, ಸೂಚನೆಯ ಮೊದಲ ವಾಕ್ಯವನ್ನು ನಿಧಾನವಾಗಿ ಎರಡು ಸಲ ಓದಿದೆ. ಜ್ವರ ಬಂದರೆ ಎದೆಗುಂದಬೇಡಿ, ಎರಡು ದಿನ ಮನೆಯಲ್ಲಿರಿ, ಧೈರ್ಯವೇ ಮೊದಲ ಔಷಧಿ ಎಂದೆ. ಧೈರ್ಯದ ಮಾತು ಸೂಚನೆಯಲ್ಲಿ ಇರಲಿಲ್ಲ. ಅದು ನಾನೇ ಸೇರಿಸಿದ್ದು. ಅದಕ್ಕೇ ಹೆಚ್ಚು ಚಪ್ಪಾಳೆ ಬಿತ್ತು. ತೀರ್ಪು ಕೊಡಲು ಬಂದಿದ್ದ ನಿವೃತ್ತ ಮೇಷ್ಟ್ರು ನನ್ನನ್ನು ಮೊದಲ ಬಹುಮಾನಕ್ಕೆ ಕರೆದರು.

ನಾನು ವೇದಿಕೆಯಿಂದ ಇಳಿದಾಗ ಟೈಲರ್ ಜನರ ನಡುವೆ ನುಸುಳಿ ಬಂದ. ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು. ಸುತ್ತ ಐದಾರು ಜನ ನನ್ನ ಕೈ ಕುಲುಕುತ್ತಿದ್ದರು.

"ಸರ, ನಮ್ಮನಿಯಾಕಿಗೆ ಮುಂಜಾನಿಂದ ಮೈ ಕಾದೈತ್ರಿ. ದವಾಖಾನಿಗೆ ಕರ್ಕೊಂಡು ಹೊಂಟಿದ್ದೆ. ನಿಮ್ಮ ಮಾತ ಕೇಳಿ ನಿಂತೆ. ದಿನಾ ಸರ್ಕಾರನ ಬಯ್ಯಾವ್ರು ನೀವು, ನೀವ ಸರಿ ಅಂದಮ್ಯಾಲೆ ಖರೇನ ಇರಬೇಕು. ಎರಡ ದಿನ ನೋಡ್ಲೇನ್ರಿ?"

ಅವನಿಗೆ ಚೀಟಿಯ ವಿಷಯ ಗೊತ್ತಿರಲಿಲ್ಲ. ಅವನ ಊರಿನಲ್ಲಿ ಹಿರಿಯನೊಬ್ಬ ಎದ್ದು ನಿಂತು ನಾಲ್ಕು ಜನರ ಮುಂದೆ ಏನಾದರೂ ಹೇಳಿದರೆ, ಅವನು ನಂಬಿದ್ದನ್ನೇ ಹೇಳುತ್ತಾನೆ. ಅದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಹೊಳೆಯಲಿಲ್ಲ ಎಂದು ಬರೆದರೆ ನನಗೆ ಹಗುರವಾಗುತ್ತಿತ್ತು. ಹೊಳೆಯಿತು. ಅವಳು ಬಸುರಿ ಎಂಬುದೂ ನೆನಪಾಯಿತು. ಆದರೆ ಮೇಷ್ಟ್ರ ಕೈ ಹೆಗಲ ಮೇಲಿತ್ತು. ಇಲ್ಲಪ್ಪ, ನಾನು ಅರ್ಧ ಮಾತ್ರ ಓದಿದೆ ಎಂದು ಅಲ್ಲಿ ಹೇಗೆ ಹೇಳಲಿ?

"ನೋಡು, ಏನೂ ಆಗಲ್ಲ. ಬಿಸಿನೀರು ಕುಡಿಸು, ಚೆನ್ನಾಗಿ ಹೊದಿಸಿ ಮಲಗಿಸು" ಎಂದೆ.

"ಆತ್ರಿ ಸರ" ಎಂದು ಕೈಮುಗಿದು ಹೋದ. ಅವನ ಮುಖದಲ್ಲಿ ಎಷ್ಟೊಂದು ನಿರಾಳ ಕಂಡಿತೆಂದರೆ ನನಗೂ ಒಂದು ಗಳಿಗೆ ನಾನು ಹೇಳಿದ್ದೇ ನಿಜ ಎನ್ನಿಸಿತು.

ಮನೆಗೆ ಬಂದಾಗ ಹೆಂಡತಿಗೆ ಸುದ್ದಿ ಗೊತ್ತಾಗಿತ್ತು.

"ಅವಳಿಗೆ ಜ್ವರ ಅಂತೆ. ಈಗ್ಲೇ ಹೋಗಿ ಹೇಳಿ ಬನ್ನಿ."

"ಈಗ ತಾನೆ ಎಲ್ರ ಮುಂದೆ ಹೇಳಿ ಬಂದಿದೀನಿ. ಮತ್ತೆ ಹೋಗಿ ನಾನು ಹೇಳಿದ್ದು ತಪ್ಪು ಅನ್ಲಾ?"

"ಅನ್ನಿ. ಏನಾಗುತ್ತೆ?"

ಅವಳು ಸೆರಗು ಸರಿಮಾಡಿಕೊಂಡು, ನಾನೇ ಹೋಗ್ತೀನಿ ಎಂದು ಎದ್ದಳು. ನಾನು ರೇಗಿದೆ. ನನ್ನ ಮಾತಿಗೆ ನನ್ನ ಮನೆಯಿಂದಲೇ ಎದುರು ಮಾತು ಹೋಗುವುದು ಬೇಡ ಎಂದೆ. ಬೆಳಿಗ್ಗೆ ಪೇಪರ್ ಓದುವಾಗ ನಾನೇ ಹೇಳುತ್ತೇನೆ, ಮಾತು ಕೊಡುತ್ತೇನೆ ಎಂದೆ. ಅವಳು ಕೂತಳು. ಮದುವೆಯಾದ ಹೊಸದರಿಂದ ನಾನು ರೇಗಿದಾಗ ಕೂರುವುದು ಅವಳ ಅಭ್ಯಾಸ. ಅದೊಂದು ಸಲ ಕೂರದೆ ಹೋಗಿದ್ದರೆ ಎಂದು ಅವಳೂ ಆಮೇಲೆ ಬಹಳ ಸಲ ಹೇಳಿದಳು.

ಬೆಳಿಗ್ಗೆ ಬೆಂಚಿನಲ್ಲಿ ಕೂತೆ. ಕೇಳುವ ಮೊದಲೇ ಅವನು, "ಗುಳಿಗಿ ಕೊಟ್ಟೇನ್ರಿ ಸರ, ಮೈ ತಣ್ಣಗಾಗೇತಿ" ಎಂದ. ಸದ್ಯ ಎಂದುಕೊಂಡೆ. ಇನ್ನು ಹೇಳುವ ಅಗತ್ಯವೇನು? ಕ್ರಿಕೆಟ್ ಸುದ್ದಿ ಓದಿದೆ. ಅದರ ಮರುದಿನ ಮೇಲಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಅವನು ಹೊಲಿಯುವುದನ್ನು ನಿಲ್ಲಿಸಿ ಮೇಲೆ ನೋಡಿ, ಮತ್ತೆ ನನ್ನ ಕಡೆ ನೋಡಿದ. "ಎರಡ ದಿನ ಇವತ್ತಿಗೆ ಆತಲ್ರಿ?" ಎಂದ. "ಕಮ್ಮಿ ಆಗದಿದ್ರೆ ನಾಳೆ ತೋರಿಸು" ಎಂದೆ. ಇವತ್ತೇ ಎನ್ನಬಹುದಿತ್ತು. ನಾಳೆ ಎಂದೆ.

ಮೂರನೆಯ ದಿನ ಬೆಳಿಗ್ಗೆ ಟೈಲರ್ ಅವಳನ್ನು ಮೇಲಿನಿಂದ ಇಳಿಸಿಕೊಂಡು ಬಂದ. ಒಂದೊಂದು ಮೆಟ್ಟಿಲಿಗೂ ಕಂಬಿ ಹಿಡಿದು ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ತುಟಿ ಕಪ್ಪಾಗಿತ್ತು. ನಾನು ಓಡಿಹೋಗಿ ಆಟೋ ಕರೆತಂದೆ. ಅವಳ ಮುಖದ ಬಟ್ಟೆ ನೋಡಿ ಆಟೋದವನು, "ಬೇಡ ಸಾರ್, ಮನೇಲಿ ಸಣ್ಣ ಮಕ್ಕಳವ್ರೆ" ಎಂದು ಹೊರಟುಹೋದ. ಎರಡನೆಯವನು ಒಪ್ಪಿದ. ನನ್ನ ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಹತ್ತಿದಳು. ನಾನು ಹತ್ತಲಿಲ್ಲ.

ಹೊಟ್ಟೆಯಲ್ಲೇ ಮಗು ಹೋಯಿತು. ಗಂಡು. ಅವಳು ಬಹಳ ದಿನ ಆಮ್ಲಜನಕದ ಮೇಲಿದ್ದು ಉಳಿದುಕೊಂಡಳು. ಮೊದಲ ದಿನವೇ ಯಾಕೆ ಕರೆತರಲಿಲ್ಲ ಎಂದು ಡಾಕ್ಟರು ಕೇಳಿದರಂತೆ. ಟೈಲರ್, ಸಾದಾ ಜ್ವರ ಅಂದ್ಕೊಂಡ್ವಿ ಎಂದನಂತೆ. ನನ್ನ ಹೆಸರು ಹೇಳಲಿಲ್ಲ. ಇದನ್ನು ನನ್ನ ಹೆಂಡತಿ ನನಗೆ ಒಂದೇ ಸಲ ಹೇಳಿದಳು, ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆ.

ಬೀದಿಯಲ್ಲಿ ಮತ್ತೆ ಚರ್ಚೆ ಶುರುವಾಯಿತು. ಮುಚ್ಚಿದ ಅಂಗಡಿಯ ಮುಂದೆ ನಿಂತು ಜನ, "ಈಗೇನಂತೀರಾ ಅಂಕಲ್?" ಎಂದು ಕೇಳಿದರು. ನಾನು ಸರ್ಕಾರವನ್ನು ಬೈದೆ. ಮಾತ್ರೆ ಎಲ್ಲ ಕಡೆ ಸಿಗುವಂತಿದ್ದಿದ್ದರೆ, ಬೀದಿಬೀದಿಗೆ ಬಂದು ತಿಳಿಸುವವರಿದ್ದಿದ್ದರೆ ಹೀಗಾಗುತ್ತಿತ್ತೇ ಎಂದೆ. ಅಂಗನವಾಡಿ ಟೀಚರ್ ಹೇಳಿದ್ದ ಮಾತುಗಳನ್ನೇ ನನ್ನ ಮಾತಿನಂತೆ ಹೇಳಿದೆ. ಅದರಲ್ಲಿ ನಿಜವಿತ್ತು. ಆದರೆ ಸರ್ಕಾರ ತಿಳಿಸಬೇಕಾದ ಒಂದು ವಾಕ್ಯವನ್ನು ಅಚ್ಚುಹಾಕಿಸಿತ್ತು, ಅದನ್ನು ಅವನಿಗೆ ಓದಿ ಹೇಳಬೇಕಾದವನು ನಾನಾಗಿದ್ದೆ.

ಒಂದು ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಆ ಟೀಚರ್ ಸಿಕ್ಕಿದರು. "ಬಸುರಿಯರು ತಡ ಮಾಡ್ಬಾರ್ದು ಅಂತ ಅವರಿಗೆ ಯಾರೂ ಹೇಳ್ಲಿಲ್ವಾ ಸಾರ್?" ಎಂದರು. ಚುಚ್ಚಿ ಕೇಳಿದ್ದಲ್ಲ. ನಿಜವಾಗಿ ತಿಳಿಯದೆ, ಸಂಕಟದಿಂದ ಕೇಳಿದರು.

"ಇಲ್ಲ ಅಂತ ಕಾಣುತ್ತೆ ಮೇಡಂ" ಎಂದೆ.

ಟೈಲರನ ಹೆಂಡತಿ ಆಸ್ಪತ್ರೆಯಿಂದ ಬಂದ ಮೇಲೆ ಊರಿನಿಂದ ಅವಳ ಅತ್ತೆ ಬಂದರು. ಒಂದು ದಿನ ನಾನು ಪೇಪರ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಮೇಲಿನಿಂದ ಮಾತು ಕೇಳಿಸಿತು.

"ಹೊಟ್ಟ್ಯಾಗ ಕೂಸಿಟ್ಕೊಂಡು ಗಾರ್ಮೆಂಟ್ಸಿಗೆ ಹೋಗಬ್ಯಾಡ ಅಂದ್ರ ಕೇಳಿದೇನು? ಅಲ್ಲಿಂದ ತಂದಿ ಜಡ್ಡು. ನನ್ನ ಮೊಮ್ಮಗನ್ನ ತಿಂದಿ."

"ಹೌದ್ರಿ ಅತ್ತಿ, ನಂದ ತಪ್ಪು" ಎಂದಳು ಅವಳು. ಉಸಿರು ಇನ್ನೂ ಪೂರ್ತಿ ಬರದ ದನಿ.

ಹನ್ನೆರಡು ಮೆಟ್ಟಿಲು ಹತ್ತಿದ್ದರೆ ಸಾಕಿತ್ತು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಅವರು ಅಂಗಡಿ ಬಿಟ್ಟು ಸುಂಕದಕಟ್ಟೆಗೆ ಹೋದರು. ನಾನು ಗಟ್ಟಿಯಾಗಿ ಪೇಪರ್ ಓದುವುದನ್ನೂ ಬಿಟ್ಟೆ. ವೇದಿಕೆ ಹತ್ತುವುದನ್ನೂ ಬಿಟ್ಟೆ. ಅದನ್ನು ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಅದರಿಂದ ಯಾರಿಗೆ ಏನು ಒಳ್ಳೆಯದಾಯಿತು? ಒಂದೆರಡು ವರ್ಷದ ಮೇಲೆ ಟೀಚರ ಮನೆಗೆ ಹೋಗಿ ಎಲ್ಲ ಹೇಳಿ, ಅವರನ್ನು ಹಾಸ್ಯ ಮಾಡಿದ್ದಕ್ಕೂ ಸುಳ್ಳು ಹೇಳಿದ್ದಕ್ಕೂ ಕೈಮುಗಿದೆ. ಅವರು, "ನನ್ನ ಹತ್ರ ಹೇಳಿ ಏನು ಬಂತು ಸಾರ್?" ಎಂದರು.

ಕೊನೆಗೆ ಸುಂಕದಕಟ್ಟೆಯ ಅಂಗಡಿ ವಿಚಾರಿಸಿಕೊಂಡು ಹೋದೆ. ಟೈಲರನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ಸ್ಟೂಲು ಒರೆಸಿ ಕೊಟ್ಟ. ನಾನು ಕೂರದೆ ನಿಂತೇ ಹೇಳಿದೆ. ಬಿಟ್ಟ ವಾಕ್ಯದ ಬಗ್ಗೆ ಹೇಳಿದೆ. ಚೀಟಿಯ ಬಗ್ಗೆ ಹೇಳಿದೆ.

ಅವನು ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿದು, ಬಟ್ಟೆ ಮಡಚಿಟ್ಟ. "ಅಂದ್ರ, ಅವತ್ತ ನೀವು ಹೇಳಿದ್ದನ್ನ ನೀವ ನಂಬಿದ್ದಿಲ್ಲೇನ್ರಿ?"

"ಇಲ್ಲ ಕಣಪ್ಪ."

"ಮತ್ಯಾಕ ಹೇಳಿದ್ರಿ?"

ಗೆಲ್ಲೋಕೆ ಎಂದೆ. ಅವನು ನನ್ನನ್ನು ಬೈಯಲಿಲ್ಲ. ನಾನು ಕ್ಷಮಿಸು ಎಂದಾಗ ಬಿಡ್ರಿ ಸರ ಎನ್ನಲೂ ಇಲ್ಲ. ತಲೆ ತಗ್ಗಿಸಿ ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಆಮೇಲೆ ಮೆಲ್ಲಗೆ ಹೇಳಿದ.

"ನನಗ ಹೇಳಿದ್ರಿ. ಅಕಿಗೆ ಹೇಳ್ರಿ. ಅಕಿ ಇನ್ನೂ ತನ್ನದ ತಪ್ಪು ಅಂತ ತಿಳ್ಕೊಂಡಾಳ. ಯಾರ ಮನಿ ಕುಬಸಕ್ಕ ಕರದ್ರೂ ಹೋಗಂಗಿಲ್ಲ, ತನ್ನ ಕೈ ಚಲೋ ಇಲ್ಲ ಅಂತಾಳ. ನಾ ಹೇಳಿದ್ರ ಸಮಾಧಾನಕ್ಕ ಹೇಳ್ತಾನ ಅಂತಾಳ. ನೀವ ಹೇಳಿದ್ರ ನಂಬ್ತಾಳ."

ಅವನು ಒಳಗೆ ಕೂಗಿದ. ಅವಳು ಟೀ ತಂದಳು. ಬಹಳ ತೆಳ್ಳಗಾಗಿದ್ದಳು. ಹತ್ತು ಹೆಜ್ಜೆ ಬಂದದ್ದಕ್ಕೇ ಏದುತ್ತಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. "ಕಾಕಾ, ಎಷ್ಟ ದಿನ ಆತ್ರಿ! ಕಾಕು ಆರಾಮ ಅದಾರಿಲ್ರಿ? ಅವತ್ತ ನನ್ನ ಸಲುವಾಗಿ ದವಾಖಾನ್ಯಾಗ ಎಷ್ಟ ತ್ರಾಸ ತಗೊಂಡ್ರು. ನಿಮ್ಮಿಬ್ಬರ ಉಪಕಾರ ಮರಿಯಂಗಿಲ್ರಿ" ಎಂದಳು.

ಟೈಲರ್ ನನ್ನ ಮುಖವನ್ನೇ ನೋಡುತ್ತಿದ್ದ. ಹೇಳಬೇಕಾದ ಮಾತು ಮೂರೇ ಪದಗಳದ್ದು. ತಪ್ಪು ನಿನ್ನದಲ್ಲಮ್ಮ, ನನ್ನದು. ಅಷ್ಟೇ. ನಾನು ಟೀ ಚೆನ್ನಾಗಿದೆ ಎಂದೆ. ಕಾಕು ಚೆನ್ನಾಗಿದ್ದಾಳೆ ಎಂದೆ. ಬಸ್ ಹೊತ್ತಾಯಿತು ಎಂದು ಎದ್ದೆ. ಅವನು ಬಸ್ ಸ್ಟಾಪಿನವರೆಗೆ ಬರಲಿಲ್ಲ. ಅವಳೇ ಬಾಗಿಲವರೆಗೆ ಬಂದು, ಹುಷಾರಾಗಿ ಹೋಗ್ರಿ ಎಂದಳು.

ಆಮೇಲೆ ನಾನು ಅತ್ತ ಹೋಗಿಲ್ಲ. ಅವಳಿಗೂ ಓದು ಬಾರದು, ಇದನ್ನು ಯಾರಾದರೂ ಓದಿ ಹೇಳಬೇಕು. ಯಾರು ಓದಿದರೂ ಏನನ್ನೂ ಬಿಡದೆ ಓದಲಿ. ಟೀಚರನ್ನು ಕ್ಷಮೆ ಕೇಳಿದೆ, ಅವನನ್ನು ಕೇಳಿದೆ, ನನ್ನ ಹೆಂಡತಿಯನ್ನು ಎಷ್ಟೋ ಸಲ ಕೇಳಿದೆ. ಕೇಳದೆ ಉಳಿದಿರುವುದು ಒಬ್ಬಳನ್ನೇ: ನನ್ನನ್ನು ಕಾಕಾ ಎಂದು ಕರೆದ, ಆ ಟೈಲರನ ಹೆಂಡತಿಯನ್ನು.